ಸ್ಕ್ಯಾಟ್: ಒಂದೇ ಒಂದು ಕೋರಸ್ ಕಿವಿಯಿಂದ ಬಾಯಿಗೆ

ಸ್ಕ್ಯಾಟ್ ಎಂದರೆ ಜಾಝ್ ಗಾಯಕರು ಸಾಹಿತ್ಯ ಬಿಟ್ಟು, ಅರ್ಥವಿಲ್ಲದ ಅಕ್ಷರಗಳಲ್ಲಿ ಸ್ಥಳದಲ್ಲೇ ಕಟ್ಟಿ ಹಾಡುವುದು. ಅದನ್ನು ಕಲಿಯಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಅಮೆರಿಕದ ಜಾಝ್ ಗಾಯಕಿ ಎಲಾ ಫಿಟ್ಜೆರಾಲ್ಡ್ 1960ರಲ್ಲಿ ಬರ್ಲಿನ್ ಕಛೇರಿಯಲ್ಲಿ ಹಾಡಿದ ‘ಹೌ ಹೈ ದ ಮೂನ್’. ಸುಮಾರು ಏಳು ನಿಮಿಷ. ಕೇಳಿ ಮುಗಿಸಿದ ಮೇಲೆ ಕೆಲವರು ಇದು ನಮ್ಮಿಂದಾಗುವ ಕೆಲಸವಲ್ಲ ಎಂದು ಕೈಬಿಡುತ್ತಾರೆ. ಉಳಿದವರು ಅದೇ ವೇಗದಲ್ಲಿ ‘ಶೂಬಿ ದೂಬಿ’ ಎಂದು ಬಾಯಿಗೆ ಬಂದದ್ದನ್ನು ಹೇಳತೊಡಗುತ್ತಾರೆ. ಹೆಚ್ಚು ಹಾನಿ ಮಾಡುವುದು ಈ ಎರಡನೆಯದು. ಅರ್ಥವಿಲ್ಲದ ಅಕ್ಷರಗಳನ್ನು ಬೇಗ ಬೇಗ ಹೇಳಿದರೆ ಸ್ಕ್ಯಾಟ್ ಆಯಿತು ಎಂಬ ಭಾವನೆ ಅಲ್ಲಿಗೆ ಗಟ್ಟಿಯಾಗುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಎಲಾ ಬಾಯಲ್ಲಿ ಬರುವುದು ಅಕ್ಷರಗಳ ಸುರಿಮಳೆಯಲ್ಲ. ಒಬ್ಬ ಸ್ಯಾಕ್ಸೊಫೋನ್ ವಾದಕ ಕಟ್ಟುವಂಥ ವಾಕ್ಯಗಳು. ಪ್ರತಿ ವಾಕ್ಯಕ್ಕೂ ಒಂದು ಎತ್ತುಗಡೆ ಇದೆ, ಒಂದು ನಿಲುಗಡೆ ಇದೆ. ಅಕ್ಷರ ಆ ವಾಕ್ಯದ ಉಚ್ಚಾರಣೆ ಮಾತ್ರ.

ಹಾಗಾಗಿ ಮೊದಲ ಎರಡು ತಿಂಗಳು ಸ್ವಂತದ್ದು ಏನೂ ಹಾಡದಿರುವುದೇ ಒಳ್ಳೆಯದು. ಒಬ್ಬರ ಒಂದೇ ಕೋರಸ್, ಅಂದರೆ ಹಾಡಿನ ಪೂರ್ತಿ ಒಂದು ಸುತ್ತು, ಉಸಿರು ಎಳೆದ ಜಾಗಗಳ ಸಮೇತ ಬಾಯಿಗೆ ಬರಬೇಕು. ಹತ್ತು ಗಾಯಕರ ಹತ್ತು ತುಣುಕುಗಳಿಗಿಂತ ಇದರಿಂದ ಸಿಗುವುದು ಹೆಚ್ಚು. ನ್ಯೂಯಾರ್ಕಿನಲ್ಲಿ ಪಾಠ ಹೇಳುತ್ತಿದ್ದ ಪಿಯಾನೊ ವಾದಕ ಲೆನ್ನಿ ಟ್ರಿಸ್ಟಾನೊ, ವಾದ್ಯ ಕಲಿಯಲು ಬಂದವರಿಗೂ ಲೂಯಿ ಆರ್ಮ್‌ಸ್ಟ್ರಾಂಗ್, ಲೆಸ್ಟರ್ ಯಂಗ್, ಚಾರ್ಲಿ ಪಾರ್ಕರ್ ಇವರ ಸೋಲೊಗಳನ್ನು, ಅಂದರೆ ಒಬ್ಬರೇ ಸ್ಥಳದಲ್ಲೇ ಕಟ್ಟಿ ನುಡಿಸಿದ ಭಾಗಗಳನ್ನು, ರೆಕಾರ್ಡಿನ ಜೊತೆಗೆ ಹಾಡಿಸುತ್ತಿದ್ದರು. ಬಾಯಲ್ಲಿ ಹಾಡಿ ಮನನವಾದ ಮೇಲೆಯೇ ವಾದ್ಯ ಮುಟ್ಟಬೇಕು. ವಾದಕರಿಗೇ ಈ ಶಿಸ್ತು ಬೇಕಾದರೆ ಗಾಯಕರ ಮಾತು ಬೇರೆ ಹೇಳಬೇಕಿಲ್ಲ.

ಮೊದಲ ಕೋರಸ್ ಯಾರದ್ದು? ನಿಸ್ಸಂಶಯವಾಗಿ ಚೆಟ್ ಬೇಕರ್. ಅವರ 1958ರ ‘ಇಟ್ ಕುಡ್ ಹ್ಯಾಪನ್ ಟು ಯು’ ಆಲ್ಬಮ್‌ನಲ್ಲಿ ಅದೇ ಹೆಸರಿನ ಹಾಡಿದೆ, ‘ಡು ಇಟ್ ದ ಹಾರ್ಡ್ ವೇ’ ಕೂಡ ಇದೆ. ಎರಡರಲ್ಲೂ ಸ್ಕ್ಯಾಟ್ ಸೋಲೊಗಳಿವೆ. ಬೇಕರ್ ಮೂಲತಃ ಟ್ರಂಪೆಟ್ ವಾದಕ. ಟ್ರಂಪೆಟ್‌ನಲ್ಲಿ ಏನು ಯೋಚಿಸುತ್ತಿದ್ದರೋ ಅದನ್ನೇ ಗಂಟಲಲ್ಲಿ ಹೇಳುತ್ತಾರೆ. ದನಿ ಮೆತ್ತಗಿದೆ, ಸ್ವರಗಳು ಕಡಿಮೆ, ವಾಕ್ಯಗಳ ನಡುವೆ ಧಾರಾಳ ಬಿಡುವು. ಅಕ್ಷರಗಳೂ ಸರಳ. ಇದರಲ್ಲಿ ಮುಚ್ಚಿಟ್ಟುಕೊಳ್ಳಲು ಜಾಗವಿಲ್ಲ: ಒಂದು ಸ್ವರ ಜಾರಿದರೂ ತಿಳಿಯುತ್ತದೆ. ಕಲಿಯುವವರಿಗೆ ಬೇಕಾದದ್ದೂ ಅದೇ.

ಕೆಲಸ ಶುರುವಾಗುವುದು ಹಾಡುವುದರಿಂದಲ್ಲ. ಮೊದಲ ವಾರ ದಿನಕ್ಕೆ ನಾಲ್ಕೈದು ಸಲ ಬರೀ ಕೇಳಿ, ಕೈಯಲ್ಲಿ ತಾಳ ಹಾಕಿ. ನಮ್ಮ ಕೈ ತಾನಾಗಿ ಒಂದನೆಯ ಎಣಿಕೆಗೆ ಬೀಳುತ್ತದೆ, ಅದು ಸಮದ ಅಭ್ಯಾಸ. ಜಾಝ್‌ನಲ್ಲಿ ಚಪ್ಪಾಳೆ ಎರಡು ಮತ್ತು ನಾಲ್ಕಕ್ಕೆ. ಎಣಿಕೆಯ ಸದ್ದು ಮಾಡುವ ಮೆಟ್ರೊನೋಮ್ ಬಳಸುವುದಾದರೆ ಹಾಡಿನ ವೇಗ ನಿಮಿಷಕ್ಕೆ 140 ಎಣಿಕೆ ಇದ್ದಾಗ ಅದನ್ನು 70ಕ್ಕೆ ಇಟ್ಟು, ಕೇಳುವ ಪ್ರತಿ ಸದ್ದನ್ನೂ ‘ಎರಡು’, ‘ನಾಲ್ಕು’ ಎಂದು ಎಣಿಸಿ. ಒಂದನ್ನೂ ಮೂರನ್ನೂ ನೀವೇ ಮನಸ್ಸಿನಲ್ಲಿ ತುಂಬಬೇಕು. ಮೊದಲೆರಡು ದಿನ ತಲೆಕೆಳಗಾಗಿ ನಿಂತಂತೆ ಇರುತ್ತದೆ. ಇದು ಸರಿಹೋಗದೆ ಮುಂದೆ ಹೋದವರ ಸ್ಕ್ಯಾಟ್, ಸ್ವರ ಎಷ್ಟೇ ಶುದ್ಧವಾಗಿದ್ದರೂ, ಭಾರವಾಗಿ ಕೇಳುತ್ತದೆ.

ಅದೇ ವಾರ ಮೂಲ ಹಾಡನ್ನು ಸಾಹಿತ್ಯದೊಂದಿಗೆ ಪೂರ್ತಿ ಕಲಿತಿರಬೇಕು. ಇದನ್ನು ಬಿಡುವವರೇ ಹೆಚ್ಚು. ‘ಇಟ್ ಕುಡ್ ಹ್ಯಾಪನ್ ಟು ಯು’ 32 ಬಾರ್‌ಗಳ ಹಾಡು. ಒಂದು ಬಾರ್ ಎಂದರೆ ಇಲ್ಲಿ ನಾಲ್ಕು ಎಣಿಕೆಗಳ ಒಂದು ಆವರ್ತ. ಎಂಟೆಂಟು ಬಾರ್‌ಗಳ ನಾಲ್ಕು ಭಾಗ, ಮೊದಲನೆಯದೂ ಮೂರನೆಯದೂ ಒಂದೇ ಥರ. ಸ್ಕ್ಯಾಟ್ ಹಾಡುತ್ತಿರುವಾಗ ಮೂಲ ಧಾಟಿ ಒಳಗೊಳಗೇ ಓಡುತ್ತಿದ್ದರೆ ಮಾತ್ರ 17ನೆಯ ಬಾರ್ ಎಲ್ಲಿ ಎಂದು ತಿಳಿಯುತ್ತದೆ. ದಾರಿ ತಪ್ಪುವುದು ಎಂದರೆ ಇದು ತಪ್ಪುವುದೇ.

ಎರಡನೆಯ ವಾರದಿಂದ ವೇಗ ತಗ್ಗಿಸಿ ಕೇಳಬಹುದು. ಶ್ರುತಿ ಬದಲಾಗದಂತೆ ವೇಗ ಇಳಿಸುವ ಸೌಲಭ್ಯ ಈಗ ಸ್ಮಾರ್ಟ್‌ಫೋನ್‌ಗಳಲ್ಲೂ ಸಿಗುತ್ತದೆ. 75 ಪ್ರತಿಶತ ಸಾಕು, 60ಕ್ಕಿಂತ ಕೆಳಗೆ ಹೋಗಬೇಡಿ. ಅಲ್ಲಿ ವ್ಯಂಜನಗಳು ಕಲಸಿಹೋಗುತ್ತವೆ, ಲಯದ ತೂಗು ಮಾಯವಾಗುತ್ತದೆ. ಮತ್ತೆ ಮತ್ತೆ ಕೇಳಲು ನಾಲ್ಕು ಬಾರ್ ಕತ್ತರಿಸಿ ಸುತ್ತಿಸುವಾಗ ಬಾರ್‌ನ ಗೆರೆಗೆ ಸರಿಯಾಗಿ ಕತ್ತರಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಜಾಝ್ ವಾಕ್ಯ ಒಂದನೆಯ ಎಣಿಕೆಗೆ ಮೊದಲೇ, ಹಿಂದಿನ ಬಾರ್‌ನ ಬಾಲದಲ್ಲಿ ಎದ್ದಿರುತ್ತದೆ. ನಮ್ಮ ಅತೀತ–ಅನಾಗತಗಳ ಪರಿಚಯವಿರುವವರಿಗೆ ಇದು ಬೇಗ ಹೊಳೆಯುತ್ತದೆ. ಕತ್ತರಿ ಎರಡು ಎಣಿಕೆ ಮೊದಲೇ ಬೀಳಲಿ.

ಆ ನಾಲ್ಕು ಬಾರ್‌ಗಳನ್ನು ಮೂರು ಸಲ ಬೇರೆ ಬೇರೆಯಾಗಿ ಕಲಿಯಬೇಕು. ಮೊದಲು ಸ್ವರ ಬಿಟ್ಟು ಲಯ ಮತ್ತು ಅಕ್ಷರ ಮಾತ್ರ, ಮಾತಾಡುವ ದನಿಯಲ್ಲಿ. ಆಮೇಲೆ ಅಕ್ಷರ ಬಿಟ್ಟು ಸ್ವರ ಮಾತ್ರ, ಎಲ್ಲಕ್ಕೂ ಒಂದೇ ‘ದೂ’. ಕೊನೆಗೆ ಎರಡೂ ಸೇರಿ. ನಡುವಿನ ಹೆಜ್ಜೆಯನ್ನು ಹಾರಿಸಲು ಮನಸ್ಸಾಗುತ್ತದೆ, ಹಾರಿಸಬೇಡಿ. ಚುರುಕಾದ ವ್ಯಂಜನಗಳು ತಪ್ಪು ಸ್ವರವನ್ನು ಚೆನ್ನಾಗಿ ಮುಚ್ಚುತ್ತವೆ, ‘ದೂ’ ಎಂದು ಹಾಡಿದಾಗಲೇ ಅದು ಬಯಲಾಗುವುದು. ದಿನಕ್ಕೆ 30 ನಿಮಿಷದಂತೆ, ವಾರಕ್ಕೆ ಎಂಟು ಬಾರ್ ಆದರೆ ಒಳ್ಳೆಯ ನಡೆ.

ಇನ್ನು ಅಕ್ಷರಗಳು. ಅವುಗಳನ್ನು ಬರೆದಿಟ್ಟುಕೊಳ್ಳಲು ಇಂಗ್ಲಿಷ್ ಲಿಪಿಗಿಂತ ಕನ್ನಡವೇ ವಾಸಿ. ‘ದು’ ಮತ್ತು ‘ದೂ’ ಬೇರೆ ಎಂದು ನಮ್ಮ ಬರವಣಿಗೆಯೇ ಹೇಳುತ್ತದೆ, ಸ್ಕ್ಯಾಟ್‌ನಲ್ಲಿ ಹ್ರಸ್ವ–ದೀರ್ಘಗಳೇ ಅರ್ಧ ಸಂಗೀತ. ‘ದೂ–ಬ ದೂ–ಬ ದೂ–ಬ ದಾತ್’ ಎಂದು ಬರೆದರೆ ಉದ್ದ, ಗಿಡ್ಡ, ಕೊನೆಯಲ್ಲಿ ಕಡಿದದ್ದು ಎಲ್ಲ ಕಣ್ಣಿಗೆ ಕಾಣುತ್ತದೆ. ನಿಲ್ಲುವ ಸ್ವರಕ್ಕೆ ದೂ, ದಾ, ಬಾ. ಕಡಿದು ಬಿಡುವ ಸ್ವರಕ್ಕೆ ದಾತ್, ಬಾಪ್, ದಿತ್. ಕೇಳಿಸಿಯೂ ಕೇಳಿಸದಂತೆ ನುಂಗುವ ಸ್ವರಕ್ಕೆ ಬರೀ ‘ನ್’. ಮೂರು ಸ್ವರ ಒಂದೇ ಎಣಿಕೆಗೆ ಬಂದಾಗ ‘ದೂ–ಡ್ಲ್–ಯ’. ಮೇಲಿನ ಸ್ವರಗಳಿಗೆ ಇ, ಏ ಹಗುರ; ಕೆಳಗಿನವಕ್ಕೆ ಊ, ಓ. ಎಲ್ಲೆಡೆ ‘ಆ’ ಎಂದು ಬಾಯಿ ಅಗಲಿಸಿದರೆ ದವಡೆ ಮೇಲೆ ಕೆಳಗೆ ಆಡುತ್ತದೆ, ವೇಗ ಏರಿದಾಗ ಅದೇ ಅಡ್ಡಿಯಾಗುತ್ತದೆ. ಕನ್ನಡಿಯ ಮುಂದೆ ನಿಂತು ನೋಡಿ: ದವಡೆ ಬಹುತೇಕ ಸುಮ್ಮನಿರಬೇಕು.

‘ದ’ ಮತ್ತು ‘ಬ’ ಇಷ್ಟು ಬಳಕೆಯಲ್ಲಿರುವುದಕ್ಕೆ ಕಾರಣವಿದೆ. ನಾಲಿಗೆ ಒಮ್ಮೆ, ತುಟಿ ಒಮ್ಮೆ ಕೆಲಸ ಮಾಡುತ್ತವೆ, ಮದ್ದಳೆಗೆ ಎರಡು ಕೈ ಇದ್ದಂತೆ. ‘ದದದದ’ ಎಂದರೆ ನಾಲಿಗೆ ನಾಲ್ಕೇ ಬಾರ್‌ಗಳಲ್ಲಿ ಸೋಲುತ್ತದೆ. ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲಿನ ‘ತಕ’ದಲ್ಲೂ ಇದೇ ಜಾಣ್ಮೆ, ಅಲ್ಲಿ ನಾಲಿಗೆಯ ತುದಿ ಮತ್ತು ಬುಡ ಸರದಿಯ ಮೇಲೆ ದುಡಿಯುತ್ತವೆ. ಆದರೆ ತ, ಕ ಹೇಳುವಾಗ ಕ್ಷಣಕಾಲ ಗಂಟಲಿನ ನಾದ ನಿಂತುಹೋಗುತ್ತದೆ. ದ, ಬ ಹೇಳುವಾಗ ನಿಲ್ಲುವುದಿಲ್ಲ, ಗಂಟಲ ಮೇಲೆ ಬೆರಳಿಟ್ಟರೆ ಅದುರುತ್ತಲೇ ಇರುವುದು ತಿಳಿಯುತ್ತದೆ. ಕೊನ್ನಕ್ಕೋಲಿಗೆ ಬೇಕಾದದ್ದು ಮೃದಂಗದ ಪೆಟ್ಟು, ಸ್ಕ್ಯಾಟ್‌ಗೆ ಬೇಕಾದದ್ದು ಕಡಿಯದೆ ಹರಿಯುವ ಸ್ವರ. ಕೊನ್ನಕ್ಕೋಲ್ ಬಲ್ಲವರು ಸ್ಕ್ಯಾಟ್‌ಗೆ ಬಂದಾಗ ಲಯ ಕಬ್ಬಿಣದಷ್ಟು ಗಟ್ಟಿಯಾಗಿದ್ದರೂ ಸಾಲು ತುಂಡು ತುಂಡಾಗಿ ಕೇಳುವುದು ಇದಕ್ಕೇ.

ನಮ್ಮ ‘ದ’ ಹೇಳುವಾಗ ನಾಲಿಗೆ ಹಲ್ಲಿಗೆ ತಾಗುತ್ತದೆ, ‘ಡ’ ಹೇಳುವಾಗ ಹಿಂದಕ್ಕೆ ಮಡಚುತ್ತದೆ. ಅಮೆರಿಕದ ಗಾಯಕರದ್ದು ಎರಡರ ನಡುವೆ, ಮೇಲಿನ ಹಲ್ಲುಗಳ ಹಿಂದಿನ ಉಬ್ಬಿನ ಮೇಲೆ. ‘ಲ’ ಹೇಳಿ ನೋಡಿ, ನಾಲಿಗೆ ತಾಗಿದ ಜಾಗ ಸರಿಸುಮಾರು ಅದೇ. ಅಲ್ಲಿಂದ ‘ದ’ ಹೇಳುವುದನ್ನು ರೂಢಿಸಿಕೊಂಡರೆ ‘ಡ್ಲ್’ ಎಂಬುದು ಒಂದೇ ಚಲನೆಯಲ್ಲಿ ಬರುತ್ತದೆ. ಮಡಚಿದ ‘ಡ’ದಿಂದ ಅದು ವೇಗದಲ್ಲಿ ಬರುವುದೇ ಇಲ್ಲ.

ಕನ್ನಡದ ಕೇಳುಗರು ಸ್ಕ್ಯಾಟನ್ನು, ಸರಿಗಮ ಅಕ್ಷರಗಳಲ್ಲಿ ಸ್ಥಳದಲ್ಲೇ ಕಟ್ಟಿ ಹಾಡುವ ಸ್ವರಕಲ್ಪನೆಗೂ ಹೋಲಿಸುವುದುಂಟು. ಒಂದು ದೊಡ್ಡ ವ್ಯತ್ಯಾಸ ನೆನಪಿಡಬೇಕು. ಸ್ವರಕಲ್ಪನೆಯಲ್ಲಿ ಅಕ್ಷರವನ್ನು ಸ್ವರಸ್ಥಾನ ನಿರ್ಧರಿಸುತ್ತದೆ, ‘ಗ’ ಹಾಡುವ ಕಡೆ ‘ಪ’ ಎನ್ನುವಂತಿಲ್ಲ. ಕೊನ್ನಕ್ಕೋಲಿನಲ್ಲಿ ಅಕ್ಷರವನ್ನು ಪೆಟ್ಟು ನಿರ್ಧರಿಸುತ್ತದೆ. ಸ್ಕ್ಯಾಟ್‌ನಲ್ಲಿ ಎರಡೂ ಕಟ್ಟುಗಳಿಲ್ಲ, ಹಾಡುವವರೇ ಆರಿಸಬೇಕು. ಕರ್ನಾಟಕ ಸಂಗೀತ, ಜಾಝ್ ಎಂಬ ಎರಡು ಲೋಕಗಳು ಅಕ್ಕಪಕ್ಕ ನಿಂತರೆ ಹೇಗೆಂದು ಕೇಳಬಯಸುವವರಿಗೆ ಬೆಂಗಳೂರಿನದೇ ಒಂದು ದಾಖಲೆಯಿದೆ: ಗಾಯಕಿ ಆರ್. ಎ. ರಮಾಮಣಿ ಮತ್ತು ಟಿ. ಎ. ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ 1983ರ ‘ಜ್ಯೋತಿ’. ರಮಾಮಣಿಯವರು ಅಲ್ಲಿ ಜಾಝ್ ಗಾಯಕಿಯ ವೇಷ ಹಾಕುವುದಿಲ್ಲ. ತಮ್ಮ ಕರ್ನಾಟಕ ಸಂಗೀತದಲ್ಲೇ ನಿಂತು ಸ್ಯಾಕ್ಸೊಫೋನಿಗೆ ಎದುರಾಗುತ್ತಾರೆ.

ಲಯದ ತೂಗಿಗೆ ಬರೋಣ. ಸ್ವಿಂಗ್‌ನಲ್ಲಿ, ಅಂದರೆ ಜಾಝ್‌ನ ಆ ತೂಗಾಟದಲ್ಲಿ, ಒಂದು ಎಣಿಕೆಯ ಎರಡು ಅರ್ಧಗಳು ಸಮವಲ್ಲ. ತಿಸ್ರದಲ್ಲಿ ‘ತಕಿಟ ತಕಿಟ’ ಎನ್ನುತ್ತಾ ‘ಕಿ’ ನುಂಗಿಬಿಡಿ: ‘ತಾ–ಟ ತಾ–ಟ’. ಮಧ್ಯಮ ವೇಗದ ಸ್ವಿಂಗ್ ಸುಮಾರಾಗಿ ಇದು. ವೇಗ ಏರಿದಂತೆ ಎರಡು ಅರ್ಧಗಳು ಸಮಕ್ಕೆ ಹತ್ತಿರವಾಗುತ್ತವೆ, ಬಹಳ ವೇಗದಲ್ಲಿ ವ್ಯತ್ಯಾಸ ಅಳಿದೇ ಹೋಗುತ್ತದೆ. ಅಲ್ಲಿಯೂ ‘ತಾ–ಟ’ ಎಂದು ಕುಣಿಸಿದರೆ ಕುದುರೆ ಕುಂಟಿದಂತಾಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಒತ್ತು. ನಮಗೆ ಮೊದಲರ್ಧಕ್ಕೆ ಒತ್ತು ಕೊಡುವುದು ರೂಢಿ. 1940ರ ದಶಕದ ಜಾಝ್ ಶೈಲಿಯಾದ ಬೀಬಾಪ್‌ನ ವಾದಕರು ನಾಲಿಗೆಯಿಂದ ಸ್ವರ ಎತ್ತುವುದು ಎರಡನೆಯ ಅರ್ಧಕ್ಕೆ, ಅಲ್ಲಿಂದ ಮುಂದಿನ ಎಣಿಕೆಗೆ ಉಸಿರಲ್ಲೇ ಜಾರುತ್ತಾರೆ. ‘ದೂ–ಬಾ–ಆ–ಬಾ–ಆ’ ಎಂದು ನಿಧಾನವಾಗಿ ಹೇಳಿ, ‘ಬಾ’ ಎಣಿಕೆಯ ನಡುವೆ ಬೀಳಲಿ, ‘ಆ’ ಎಣಿಕೆಯ ಮೇಲೆ. ಈ ಒಂದು ಬದಲಾವಣೆಯಿಂದಲೇ ಸಾಲು ಮುಂದಕ್ಕೆ ಓಡತೊಡಗುತ್ತದೆ.

ಕರ್ನಾಟಕ ಸಂಗೀತ ಕಲಿತವರಿಗೆ ನಿಜವಾದ ಪರೀಕ್ಷೆ ಕಾರ್ಡ್‌ಗಳು, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪುಗಳು. ತಂಬೂರಿಯ ಕಿವಿಗೆ ಷಡ್ಜ ಎಂದರೆ ಮನೆ, ಯಾವಾಗ ಬಂದು ಕೂತರೂ ನೆಮ್ಮದಿ. ಜಾಝ್‌ನಲ್ಲಿ ಹಾಗಿಲ್ಲ. ಶಂಕರಾಭರಣದ ಸ್ವರಗಳಲ್ಲೇ ನೋಡೋಣ. ಅತಿ ಸಾಮಾನ್ಯವಾದ ಮೂರು ಕಾರ್ಡ್‌ಗಳ ಸರಣಿ: ಮೊದಲು ರಿ–ಮ–ದ–ಸ, ಆಮೇಲೆ ಪ–ನಿ–ರಿ–ಮ, ಕೊನೆಗೆ ಸ–ಗ–ಪ–ನಿ. ಎರಡನೆಯ ಕಾರ್ಡ್ ಮೊಳಗುತ್ತಿರುವಾಗ ಷಡ್ಜ ಹಿಡಿದು ನಿಂತರೆ ಪಕ್ಕದ ನಿಷಾದಕ್ಕೆ ಉಜ್ಜಿ ಇರುಸುಮುರುಸಾಗುತ್ತದೆ. ಸ್ವರ ಶುದ್ಧವಾಗಿದ್ದೂ ತಪ್ಪೆನಿಸುವುದು ಇಲ್ಲಿ. ಪರಿಹಾರ ಸರಳ. ಈ ಸರಣಿಯೊಳಗೆ ಎರಡು ಎಳೆಗಳಿವೆ: ‘ಮ–ಮ–ಗ’ ಒಂದು, ‘ಸ–ನಿ–ನಿ’ ಇನ್ನೊಂದು. ಕಾರ್ಡ್‌ಗೆ ಒಂದರಂತೆ ಉದ್ದನೆಯ ಸ್ವರವಾಗಿ ಒಂದೊಂದು ಎಳೆಯನ್ನೂ ಹಾಡಿ, ಜೊತೆಗೆ ಹಾರ್ಮೋನಿಯಂ ಆಗಲಿ ಕೀಬೋರ್ಡ್ ಆಗಲಿ ಇರಲಿ. ಆಮೇಲೆ ಬೇಕರ್ ಸೋಲೊಗೆ ವಾಪಸಾಗಿ: ವಾಕ್ಯಗಳು ಬಂದು ಇಳಿಯುವ ಜಾಗಗಳಲ್ಲಿ ಇಂಥ ಸ್ವರಗಳೇ ಮತ್ತೆ ಮತ್ತೆ ಕೇಳಿಸುತ್ತವೆ.

‘ಹೌ ಹೈ ದ ಮೂನ್’ ಕಷ್ಟವೇಕೆಂದು ಈಗ ಹೇಳಬಹುದು, ಅದರ ಕಷ್ಟ ವೇಗವೊಂದೇ ಅಲ್ಲ. ಹಾಡಿನ ಮೊದಲ ಒಂಬತ್ತು ಬಾರ್‌ಗಳಲ್ಲೇ ಆಧಾರ ಷಡ್ಜ ಎರಡು ಸಲ ಸ್ಥಳ ಬದಲಿಸುತ್ತದೆ: ಪಾಶ್ಚಾತ್ಯ ಸ್ವರನಾಮಗಳಲ್ಲಿ ಹೇಳುವುದಾದರೆ ಜಿ ಇದ್ದದ್ದು ಐದನೆಯ ಬಾರ್‌ಗೆ ಎಫ್, ಒಂಬತ್ತನೆಯದಕ್ಕೆ ಇ ಫ್ಲ್ಯಾಟ್. ನಾಲ್ಕು ಬಾರ್‌ಗೊಮ್ಮೆ ತಂಬೂರಿಯನ್ನೇ ಒಂದು ಪೂರ್ಣ ಸ್ವರ ಕೆಳಗಿಳಿಸಿದಂತೆ. ಇದರ ಮೇಲೆಯೇ ಬೀಬಾಪ್ ಕಾಲದವರು ‘ಆರ್ನಿಥಾಲಜಿ’ ಎಂಬ ಹೊಸ ಧಾಟಿ ಕಟ್ಟಿದರು, ಚಾರ್ಲಿ ಪಾರ್ಕರ್ ಅದನ್ನು 1946ರಲ್ಲಿ ಧ್ವನಿಮುದ್ರಿಸಿದರು. ಎಲಾ ಸ್ಕ್ಯಾಟ್ ನಡುವೆ ಆ ಧಾಟಿ ನುಸುಳುತ್ತದೆ, ಇನ್ನೂ ಹಲವು ಹಾಡುಗಳ ಚೂರುಗಳು ಬಂದು ಹೋಗುತ್ತವೆ. ಅವರ ತಲೆಯಲ್ಲಿದ್ದ ಹಾಡುಗಳ ಭಂಡಾರವೇ ಅದು. ಎಲಾ ಹತ್ತಿರ ಹೋಗಬೇಕಾದರೆ 1947ರ ‘ಲೇಡಿ ಬಿ ಗುಡ್’ ಒಳ್ಳೆಯ ಬಾಗಿಲು: ಷಡ್ಜ ಅಷ್ಟಾಗಿ ಅಲೆದಾಡುವುದಿಲ್ಲ, ವಿನ್ಯಾಸವೂ ಎಂಟೆಂಟು ಬಾರ್‌ಗಳ ಸರಳ ಕಟ್ಟು.

ಆರ್ಮ್‌ಸ್ಟ್ರಾಂಗ್ 1926ರ ‘ಹೀಬಿ ಜೀಬೀಸ್’ ಹಾಡುವಾಗ ಸಾಹಿತ್ಯದ ಹಾಳೆ ಕೈತಪ್ಪಿ ಬಿದ್ದು ಸ್ಕ್ಯಾಟ್ ಹುಟ್ಟಿತೆಂಬ ಕಥೆ ಎಲ್ಲೆಡೆ ಓಡಾಡುತ್ತದೆ. ಅದಕ್ಕೂ ಮುಂಚಿನ ಸ್ಕ್ಯಾಟ್ ರೆಕಾರ್ಡಿಂಗ್‌ಗಳಿವೆ, ಹಾಗಾಗಿ ಹುಟ್ಟಿನ ಮಾತು ನಿಲ್ಲದು. ಅದನ್ನು ಜನಪ್ರಿಯ ಮಾಡಿದ್ದು ಅವರೆಂಬುದು ನಿಜ. ಕಲಿಯಲು ಅದಕ್ಕಿಂತ 1927ರ ‘ಹಾಟರ್ ದ್ಯಾನ್ ದ್ಯಾಟ್’ ಶ್ರೇಷ್ಠ. ಸ್ಕ್ಯಾಟ್ ಕೋರಸ್‌ನ ಒಂದು ಕಡೆ ಆರ್ಮ್‌ಸ್ಟ್ರಾಂಗ್ ಒಂದೂವರೆ ಎಣಿಕೆಗೊಂದು ಸ್ವರದಂತೆ ಸಾಲಾಗಿ ಇಡುತ್ತಾ ಹೋಗುತ್ತಾರೆ. ನಾಲ್ಕರ ಮೇಲೆ ಮೂರರ ಹೆಣಿಗೆ. ಚತುರಶ್ರ ತಾಳದಲ್ಲಿ ‘ತಕಿಟ ತಕಿಟ’ ಎಂದು ಕೈ ಬಿಡದೆ ಹೇಳಬಲ್ಲ ಕನ್ನಡಿಗರಿಗೆ ಇದು ಬೇರೆಯವರಿಗಿಂತ ಬೇಗ ದಕ್ಕುತ್ತದೆ. ಆಮೇಲೆ ಲಾನಿ ಜಾನ್ಸನ್ ಗಿಟಾರ್ ಜೊತೆ ಮಾತು–ಮರುಮಾತಿನ ಭಾಗ. ಅದನ್ನು ಇಬ್ಬರು ಹಂಚಿಕೊಂಡು ಹಾಡಿದರೆ ಒಳ್ಳೆಯ ಅಭ್ಯಾಸ. ಆರ್ಮ್‌ಸ್ಟ್ರಾಂಗ್ ಉದ್ದ ಸ್ವರವನ್ನು ಮೊದಲು ನೇರವಾಗಿ ಹಿಡಿದು ಕೊನೆಯಲ್ಲಿ ಮಾತ್ರ ಕಂಪಿಸುವುದನ್ನು ಗಮನಿಸಿ. ಗಾಂಧಾರ, ನಿಷಾದ ಕಂಡಲ್ಲೆಲ್ಲ ಕಂಪಿತ ಹಾಕುವ ಕೈಯಭ್ಯಾಸ ಇಲ್ಲಿ ಅಡ್ಡ ಬರುತ್ತದೆ. ಆದರೆ ಜಾಝ್‌ನ ಬೇರುಗಳಲ್ಲೊಂದಾದ ಬ್ಲೂಸ್‌ನ ಗಾಂಧಾರ, ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಓಲಾಡುವಾಗ ಅದೇ ಕಿವಿ ವರವಾಗುತ್ತದೆ.

ಸಾರಾ ವಾನ್ ಅವರ 1954ರ ‘ಶೂಲಿ ಅ ಬಾಪ್’ನಲ್ಲಿ ವ್ಯಂಜನ ಮೆತ್ತಗಾಗಿ ‘ಶ’ ಕಡೆ ವಾಲುತ್ತದೆ. ಸ್ವರಾಕ್ಷರಗಳು ಬಣ್ಣ ಬದಲಿಸುವುದನ್ನು ಕೇಳಲು ಅದು ಬೇಕು. ಅನಿತಾ ಒಡೇ ಅವರದ್ದು ಬೇರೆಯೇ ದಾರಿ. ಚಿಕ್ಕಂದಿನ ಟಾನ್ಸಿಲ್ ಶಸ್ತ್ರಚಿಕಿತ್ಸೆಯಲ್ಲಿ ಕಿರುನಾಲಿಗೆ ಹೋಗಿದ್ದರಿಂದ ದನಿ ಕಂಪಿಸಿ ಉದ್ದ ಸ್ವರ ಹಿಡಿಯುವುದು ತಮಗೆ ಕಷ್ಟವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಉದ್ದ ಸ್ವರವನ್ನು ಗಿಡ್ಡ ಗಿಡ್ಡವಾಗಿ ಒಡೆದು ಹಾಡುವ ಆ ಚಂದ ಹುಟ್ಟಿದ್ದು ಅಲ್ಲಿಂದ. 1958ರ ನ್ಯೂಪೋರ್ಟ್ ಉತ್ಸವದ ‘ಟೀ ಫಾರ್ ಟೂ’ ನೋಡಿ. ಬೆಟ್ಟಿ ಕಾರ್ಟರ್ ಅವರ ಇಪ್ಪತ್ತೈದು ನಿಮಿಷದ ‘ಸೌಂಡ್ಸ್’ ಸದ್ಯಕ್ಕೆ ಕೇಳುವುದಕ್ಕೆ ಮಾತ್ರ. ಜಾನ್ ಹೆಂಡ್ರಿಕ್ಸ್ ಮತ್ತು ಸಂಗಡಿಗರ 1957ರ ‘ಸಿಂಗ್ ಎ ಸಾಂಗ್ ಆಫ್ ಬೇಸಿ’ಯನ್ನು ಕೆಲವರು ಸ್ಕ್ಯಾಟ್ ಎಂದುಕೊಳ್ಳುತ್ತಾರೆ. ಅದು ವೋಕಲೀಸ್, ವಾದ್ಯಗಳು ಆಗಲೇ ನುಡಿಸಿದ್ದ ಸಾಲುಗಳಿಗೆ ಮಾತು ಹೊಂದಿಸಿ ಹಾಡುವುದು.

ಕೋರಸ್ ಬಾಯಿಗೆ ಬಂತು, ಮುಂದೆ? ಅದರಿಂದ ಎರಡೆರಡು ಬಾರ್‌ಗಳ ಮೂರು ವಾಕ್ಯ ಆರಿಸಿ. ಒಂದೊಂದನ್ನೂ ಬೇರೆ ಬೇರೆ ಶ್ರುತಿಗಳಲ್ಲಿ ಹಾಡಿ, ಆಮೇಲೆ ಲಯ ಹಾಗೇ ಇಟ್ಟು ಸ್ವರ ಬದಲಿಸಿ, ಆಮೇಲೆ ಸ್ವರ ಹಾಗೇ ಇಟ್ಟು ಒಂದು ಎಣಿಕೆ ತಡವಾಗಿ ಎತ್ತಿಕೊಳ್ಳಿ. ಸ್ವಂತದ್ದಕ್ಕೆ 12 ಬಾರ್‌ಗಳ ಬ್ಲೂಸ್ ಹಿಡಿಯುವುದು ಒಳ್ಳೆಯದು. ಡ್ಯೂಕ್ ಎಲಿಂಗ್ಟನ್ ಅವರ ‘ಸಿ ಜ್ಯಾಮ್ ಬ್ಲೂಸ್’ ಧಾಟಿಯಲ್ಲಿರುವುದು ಎರಡೇ ಸ್ವರ: ಪಂಚಮ ಮತ್ತು ಮೇಲಿನ ಷಡ್ಜ. ನೀವೂ ಮೂರು ಸ್ವರ ಮೀರಬೇಡಿ, ಎರಡು ಬಾರ್ ಹಾಡಿ, ಎರಡು ಬಾರ್ ಸುಮ್ಮನಿರಿ. ಸುಮ್ಮನಿರುವ ಎರಡು ಬಾರ್‌ಗಳಲ್ಲಿ ಎಣಿಕೆ ತಪ್ಪುವುದೇ ಮೊದಲ ತಿಂಗಳ ದೊಡ್ಡ ತೊಂದರೆ, ಪಾದ ಎರಡು–ನಾಲ್ಕಕ್ಕೆ ತಟ್ಟುತ್ತಲೇ ಇರಲಿ. ಮೈಕ್ ಮುಂದೆ ಹಾಡುವಾಗ ‘ಬ’, ‘ಪ’ ಗಾಳಿ ನೇರ ಬಡಿದು ಡಬ್ ಎನ್ನುತ್ತದೆ. ಮೈಕನ್ನು ಬಾಯಿಗೆ ಎದುರಾಗಿ ಹಿಡಿಯದೆ ತುಸು ಓರೆಯಾಗಿ, ನಾಲ್ಕು ಬೆರಳ ದೂರದಲ್ಲಿ ಹಿಡಿಯಿರಿ.

ಕಲಿತ ಕೋರಸ್ ನಿಜವಾಗಿಯೂ ಒಳಗಿಳಿದಿದೆಯೇ ಎಂದು ನೋಡಲು ಹೀಗೆ ಮಾಡಿ. ಮೂಲ ವೇಗದಲ್ಲಿ ರೆಕಾರ್ಡ್ ಹಾಕಿ ಬೇಕರ್ ಜೊತೆ ಎಂಟು ಬಾರ್ ಹಾಡಿ. ಒಂಬತ್ತನೆಯ ಬಾರ್‌ಗೆ ಸದ್ದು ಪೂರ್ತಿ ಮುಚ್ಚಿ ನೀವೊಬ್ಬರೇ ಮುಂದುವರಿಯಿರಿ, ಹದಿನೇಳಕ್ಕೆ ಮತ್ತೆ ತೆರೆಯಿರಿ. ನೀವು ಮುಂದಿದ್ದರೆ ಬಿಡುವುಗಳನ್ನು ನುಂಗಿದ್ದೀರಿ, ಹಿಂದಿದ್ದರೆ ಉಸಿರನ್ನು ತಪ್ಪು ಜಾಗದಲ್ಲಿ ಎಳೆದಿದ್ದೀರಿ. ಲಯ ಸರಿಯಿದ್ದು ಶ್ರುತಿ ಇಳಿದಿದ್ದರೆ ಮತ್ತೆ ‘ದೂ’ ಎಂಬ ಹೆಜ್ಜೆಗೇ ಹೋಗಬೇಕು. ಮೂರೂ ಸರಿಯಿದ್ದರೆ ಮುಂದಿನ ಸಲ ಹದಿನಾರು ಬಾರ್ ಮುಚ್ಚಿ.